ಕಾರ್ಖಾನೆಗೆ ಬಂದ ಅಂಗೈಯಗಲದ ಗಣಕ

ಅಮೆರಿಕದ ಮೋಟಾರು ಕಾರ್ಖಾನೆಗಳಲ್ಲಿ 1960ರ ದಶಕದ ಕೊನೆಯವರೆಗೂ ಯಂತ್ರಗಳಿಗೆ ಅಪ್ಪಣೆ ಕೊಡುತ್ತಿದ್ದುವು ರಿಲೇಗಳು. ವಿದ್ಯುತ್ತು ಹರಿದೊಡನೆ ಅಯಸ್ಕಾಂತವಾಗಿ ಸೆಳೆದುಕೊಂಡು, ವಿದ್ಯುತ್ತು ನಿಂತೊಡನೆ ಬಿಟ್ಟುಕೊಡುವ ಈ ಪುಟ್ಟ ಉಪಕರಣಗಳನ್ನು ನೂರುಗಟ್ಟಲೆಯಾಗಿ ಉಕ್ಕಿನ ಬೀರುಗಳಲ್ಲಿ ಸಾಲುಗೊಳಿಸಿ, ಒಂದರಿಂದೊಂದಕ್ಕೆ ತಂತಿ ಎಳೆದು, ಕಾವಲಿನ ಬಾಗಿಲು ಮುಚ್ಚಿದಲ್ಲದೆ ಮೋಟಾರು ತಿರುಗಕೂಡದು, ಎಣ್ಣೆಯ ಒತ್ತಡ ಏರಿದಲ್ಲದೆ ಅಚ್ಚು ಇಳಿಯಕೂಡದು ಎಂಬಂಥ ವಿಧಿನಿಷೇಧಗಳನ್ನೆಲ್ಲ ಆ ತಂತಿಗಳ ಹೆಣಿಗೆಯಲ್ಲಿಯೇ ಅಡಗಿಸಿಡುತ್ತಿದ್ದರು. ನೋಡುವುದಕ್ಕೆ ಭವ್ಯವಾದ ಏರ್ಪಾಡೇ ಸರಿ. ಆದರೆ ವರ್ಷವರ್ಷವೂ ಕಾರಿನ ಮಾದರಿ ಬದಲಾಗುತ್ತಿದ್ದ ಆ ಉದ್ಯಮದಲ್ಲಿ, ಮಾದರಿಯೊಡನೆ ಯಂತ್ರದ ನಡೆಯೂ ಬದಲಾಗಬೇಕಾಗಿ, ನಡೆ ಬದಲಾಗಬೇಕಾದರೆ ತಂತಿಯನ್ನೇ ಕಿತ್ತು ಮತ್ತೆ ಎಳೆಯಬೇಕಾಗಿ, ಎಷ್ಟೋ ಸಲ ಹಳೆಯ ಬೀರುವನ್ನು ಗುಜರಿಗೆ ಹಾಕಿ ಹೊಸದನ್ನು ಕಟ್ಟುವುದೇ ಅಗ್ಗವೆಂದು ತೋರುತ್ತಿತ್ತು.

ಜನರಲ್ ಮೋಟಾರ್ಸ್ ಸಂಸ್ಥೆಯ ಹೈಡ್ರಾಮ್ಯಾಟಿಕ್ ವಿಭಾಗದ ಇಂಜಿನಿಯರುಗಳು ಈ ವ್ಯರ್ಥವ್ಯಯದಿಂದ ಬೇಸತ್ತು, ವಿಧಿಗಳನ್ನು ತಂತಿಗೆ ಬದಲಾಗಿ ಸ್ಮೃತಿಯಲ್ಲಿ ಇರಿಸಿಕೊಳ್ಳಬಲ್ಲ, ಕಾರ್ಖಾನೆಯ ಧೂಳು ಶಾಖ ಕಂಪನಗಳನ್ನು ಸಹಿಸಿಕೊಂಡು ನಡೆಯಬಲ್ಲ ನಿಯಂತ್ರಕವೊಂದು ಬೇಕೆಂದು 1968ರಲ್ಲಿ ಬೇಡಿಕೆ ಮುಂದಿಟ್ಟರು. ಮ್ಯಾಸಚೂಸೆಟ್ಸ್ ಪ್ರಾಂತದ ಬೆಡ್‌ಫರ್ಡ್ ಅಸೋಸಿಯೇಟ್ಸ್ ಎಂಬ ಸಣ್ಣ ಸಂಸ್ಥೆಯಲ್ಲಿ ಡಿಕ್ ಮಾರ್ಲಿಯವರೂ ಅವರ ಸಂಗಡಿಗರೂ ಕೂಡಿ ಕಟ್ಟಿದ ‘ಮಾಡಿಕಾನ್ 084’ ಅದಕ್ಕೆ ಉತ್ತರವಾಗಿ ಬಂದಿತು. ಆ ಸಂಸ್ಥೆ ಕೈಗೊಂಡ ಎಂಬತ್ತನಾಲ್ಕನೆಯ ಕೆಲಸವಾದುದರಿಂದ ಅದಕ್ಕೆ ಆ ಸಂಖ್ಯೆ. ಇಂದು ನಮ್ಮ ಕಾರ್ಖಾನೆಗಳಲ್ಲೆಲ್ಲ ಪಿಎಲ್‌ಸಿ ಎಂದು ಕರೆಯಿಸಿಕೊಳ್ಳುವ ಯಂತ್ರದ ಮೂಲಪುರುಷ ಅದೇ. ಅದರ ಕರ್ತರಲ್ಲಿ ವಿದ್ಯೆಯ ಜೊತೆಗೆ ಲೋಕಜ್ಞಾನವೂ ಇತ್ತೆಂಬುದಕ್ಕೆ ಸಾಕ್ಷಿಯಾಗಿ ಒಂದು ಸಂಗತಿಯನ್ನು ಹೇಳಬೇಕು. ಗಣಕದ ಭಾಷೆಯನ್ನು ಕಾರ್ಖಾನೆಯ ಎಲೆಕ್ಟ್ರಿಷಿಯನ್ನನಿಗೆ ಕಲಿಸಹೊರಡದೆ, ಅವನು ಬಹುಕಾಲದಿಂದ ಓದಿ ಬಲ್ಲ ರಿಲೇ ನಕ್ಷೆಯನ್ನೇ, ಏಣಿಯ ಮೆಟ್ಟಿಲುಗಳಂತೆ ಎರಡು ಕಂಬಗಳ ನಡುವೆ ಗೆರೆ ಎಳೆದ ಆ ಚಿತ್ರವನ್ನೇ, ಅವರು ಯಂತ್ರಕ್ಕೆ ಕಲಿಸಿದರು. ಹೊಸ ಯಂತ್ರ ಹಳೆಯ ಕಾರ್ಮಿಕನ ಶತ್ರುವಾಗದೆ ಒಳಗೆ ಬಂದುದಕ್ಕೆ ಇದಕ್ಕಿಂತ ಹಿರಿದಾದ ಕಾರಣ ನನಗೆ ಕಾಣದು. ಆ ನಿಯಂತ್ರಕದ ತಯಾರಿಕೆಗೆಂದೇ ಸ್ಥಾಪಿತವಾದ ಮಾಡಿಕಾನ್ ಸಂಸ್ಥೆ 1979ರಲ್ಲಿ ಪ್ರಕಟಿಸಿದ ‘ಮಾಡ್‌ಬಸ್’ ಎಂಬ ಸಂಭಾಷಣಾವಿಧಾನವಂತೂ ಯಂತ್ರಲೋಕದ ವ್ಯವಹಾರಭಾಷೆಯಾಗಿ ಇಂದಿಗೂ ನಡೆಯುತ್ತಲಿದೆ.

ಪಿಎಲ್‌ಸಿ ಹೀಗೆ ಕಾರ್ಖಾನೆಗೋಸ್ಕರವೇ ಹುಟ್ಟಿ, ಕಾರ್ಖಾನೆಯಲ್ಲಿಯೇ ಬೆಳೆದ ಕೂಸು. ಈ ಲೇಖನದ ವಿಷಯವಾದ ಏಕಫಲಕ ಗಣಕದ ವಂಶವಾದರೋ ಬೇರೆ. ಸಂಸ್ಕಾರಕ, ಸ್ಮೃತಿ, ಹೊರಲೋಕದೊಡನೆ ವ್ಯವಹರಿಸುವ ದ್ವಾರಗಳು ಎಲ್ಲವನ್ನೂ ಒಂದೇ ಬೋರ್ಡಿನ ಮೇಲೆ ಕೂಡಿಸಿದ ಈ ವಸ್ತು ಯಾರಿಗಾಗಿ ತಯಾರಾಯಿತೋ ಅವರ ಕೈಯಲ್ಲಿ ಮಾತ್ರ ನಿಲ್ಲದೆ, ಎಂದೂ ಎಣಿಸದಿದ್ದವರ ಕೈಗೆ ಜಾರುತ್ತಲೇ ಬಂದಿದೆ. ಅದರ ಇತಿಹಾಸವೆಂದರೆ ಬಹುಮಟ್ಟಿಗೆ ಈ ಜಾರುವಿಕೆಯ ಇತಿಹಾಸವೇ.

ಮೊದಲ ಉದಾಹರಣೆ 1976ರದು. ಅದರ ಹಿಂದಿನ ವರ್ಷ ಚಕ್ ಪೆಡಲ್ ಮತ್ತು ಅವರ ಬಳಗ ಎಂಒಎಸ್ ಟೆಕ್ನಾಲಜಿ ಸಂಸ್ಥೆಯಿಂದ 6502 ಎಂಬ ಸಂಸ್ಕಾರಕವನ್ನು ಹೊರತಂದು, ಇದಿರಾಳಿಗಳು ನೂರೈವತ್ತು ಡಾಲರಿಗೂ ಮೇಲ್ಪಟ್ಟು ಬೆಲೆ ಹೇಳುತ್ತಿದ್ದ ಕಾಲದಲ್ಲಿ ಅದನ್ನು 25 ಡಾಲರಿಗೆ ಮಾರತೊಡಗಿದರು. ಅಷ್ಟು ಅಗ್ಗದ ಚಿಪ್ಪನ್ನು ಇಂಜಿನಿಯರುಗಳು ನಂಬುವುದೆಂತು? ಅವರು ತಮ್ಮ ಮೇಜಿನ ಮೇಲಿಟ್ಟು ಪರೀಕ್ಷಿಸಿ ನೋಡಲೆಂದು, ಆರು ಅಂಕೆಗಳ ಕೆಂಪು ಬೆಳಕಿನ ಫಲಕ, 23 ಗುಂಡಿಗಳ ಕೀಲಿಪಟ್ಟಿ, ಒಂದು ಕಿಲೋಬೈಟು ಸ್ಮೃತಿ ಇಷ್ಟನ್ನು ಮಾತ್ರ ಹೊತ್ತ ‘ಕಿಮ್-1’ ಎಂಬ ಬೋರ್ಡನ್ನು 245 ಡಾಲರಿಗೆ ಮಾರಿದರು. ಅದನ್ನು ಕೊಳ್ಳುವುದಕ್ಕೆ ಮುಗಿಬಿದ್ದವರು ಇಂಜಿನಿಯರುಗಳಷ್ಟೇ ಆಗಿರಲಿಲ್ಲ. ಮನೆಯಲ್ಲೊಂದು ಗಣಕವಿರಬೇಕೆಂದು ಹಂಬಲಿಸುತ್ತಿದ್ದ ಹವ್ಯಾಸಿಗಳು ಗುಂಪುಗುಂಪಾಗಿ ಕೊಂಡರು. ಉದ್ಯೋಗಕ್ಕೆಂದು ಮಾಡಿದುದು ವಿನೋದಕ್ಕೆ ಹೋಯಿತು. ಇಂಟೆಲ್ ಸಂಸ್ಥೆಯೂ ಅದೇ ವರ್ಷ 8080 ಸಂಸ್ಕಾರಕವುಳ್ಳ ‘ಎಸ್‌ಬಿಸಿ 80/10’ ಎಂಬ ಬೋರ್ಡನ್ನು ಯಂತ್ರನಿರ್ಮಾಪಕರಿಗಾಗಿಯೇ ಹೊರತಂದಿತು. ಅದು ಗಂಭೀರಪ್ರಕೃತಿಯ ವಸ್ತುವಾದುದರಿಂದ ತಾನು ಹೋಗಬೇಕಾದ ಕಡೆಗೇ ಹೋಯಿತು, ಆದುದರಿಂದಲೇ ಅದರ ಕಥೆಯಲ್ಲಿ ಸ್ವಾರಸ್ಯ ಕಡಮೆ.

ಕರ್ನಾಟಕದ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಎಲೆಕ್ಟ್ರಾನಿಕ್ಸ್ ಓದಿದವರಿಗೆ ಈ ಕುಲದ ಬೋರ್ಡುಗಳ ಪರಿಚಯವನ್ನು ಹೊಸದಾಗಿ ಮಾಡಿಕೊಡಬೇಕಾದುದಿಲ್ಲ. ಬೆಂಗಳೂರಿನ ಎಲೆಕ್ಟ್ರೋ ಸಿಸ್ಟಮ್ಸ್ ಅಸೋಸಿಯೇಟ್ಸ್‌ನಂಥ ಸಂಸ್ಥೆಗಳು ತಯಾರಿಸಿದ 8085, 8086, 8051 ಕಿಟ್ಟುಗಳ ಮುಂದೆ ಕುಳಿತು, ಹದಿನಾರರ ಎಣಿಕೆಯಲ್ಲಿ ಒಂದೊಂದೇ ಬೈಟನ್ನು ಗುಂಡಿಯೊತ್ತಿ ತುಂಬಿ, ನಡುವೆ ಒಂದು ಅಂಕೆ ತಪ್ಪಿದರೆ ಇಡೀ ಕಾರ್ಯಕ್ರಮ ಎಲ್ಲಿಗೋ ಹಾರಿಹೋಗುವುದನ್ನು ನೋಡಿ ನಿಟ್ಟುಸಿರುಬಿಟ್ಟವರು ನಮ್ಮಲ್ಲಿ ಸಹಸ್ರಾರು ಮಂದಿ ಇದ್ದಾರೆ. ಸ್ಟೆಪರ್ ಮೋಟಾರನ್ನು ಎಡಕ್ಕೂ ಬಲಕ್ಕೂ ತಿರುಗಿಸುವುದು, ಲಿಫ್ಟಿನ ಮಾದರಿಯೊಂದರ ದೀಪಗಳನ್ನು ಅಂತಸ್ತಿನಿಂದ ಅಂತಸ್ತಿಗೆ ಏರಿಳಿಸುವುದು — ಪರೀಕ್ಷೆಯ ಹಿಂದಿನ ರಾತ್ರಿ ಬಾಯಿಪಾಠ ಮಾಡಿದ ಈ ಪ್ರಯೋಗಗಳು ತತ್ತ್ವದಲ್ಲಿ ಕಾರ್ಖಾನೆಯ ನಿಯಂತ್ರಣಕ್ಕಿಂತ ಬೇರೆಯೇನೂ ಆಗಿರಲಿಲ್ಲ. ಆದರೆ ಆ ಕಿಟ್ಟು ಪ್ರಯೋಗಶಾಲೆಯ ಹೊಸ್ತಿಲು ದಾಟಿ ಹೊರಗೆ ಬಂದುದು ತೀರ ವಿರಳ. ಅದನ್ನು ಕೊಂಡವರು ಕಾಲೇಜಿನವರು, ಬೀಗ ಹಾಕಿ ಇಟ್ಟವರೂ ಅವರೇ.

ಇನ್ನು ಕಾರ್ಖಾನೆಯ ಹೊಸ್ತಿಲು ದಾಟಿದ ಬೋರ್ಡಿನ ವಂಶವೃಕ್ಷಕ್ಕೆ ಬರೋಣ. ಅದರ ಬೇರು ಇಂಗ್ಲೆಂಡಿನ ಕೇಂಬ್ರಿಡ್ಜ್ ನಗರದಲ್ಲಿದೆ. ಅಲ್ಲಿಯ ವಿದ್ಯಾರ್ಥಿನಿಯಾಗಿದ್ದ ಸೋಫಿ ವಿಲ್ಸನ್ ಅವರು ರಜೆಯೊಂದರಲ್ಲಿ, ಮೇಲೆ ಹೇಳಿದ 6502 ಚಿಪ್ಪನ್ನೇ ಹಿಡಿದು ಒಂದು ಪುಟ್ಟ ಗಣಕವನ್ನು ರಚಿಸಿದರು. ಅದರ ಕೆಲಸ ಹಸುಗಳಿಗೆ ಮೇವನ್ನು ಅಳತೆಯರಿತು ಹಾಕುವುದು. ಇಂದು ಕೋಟ್ಯಂತರ ಯಂತ್ರಗಳಲ್ಲಿ ಹುದುಗಿರುವ ಗಣಕಪರಂಪರೆಯೊಂದರ ಆದಿಯಲ್ಲಿ ಕೊಟ್ಟಿಗೆಯಿರುವುದು ನಮ್ಮಂಥ ಗೋಪ್ರಿಯರಿಗೆ ಸಂತೋಷದ ವಿಷಯವೇ. ಹರ್ಮನ್ ಹೌಸರ್ ಮತ್ತು ಕ್ರಿಸ್ ಕರಿ ಕಟ್ಟಿದ ಏಕಾರ್ನ್ ಸಂಸ್ಥೆಯನ್ನು ಸೇರಿದ ವಿಲ್ಸನ್ ಅವರ ವಿನ್ಯಾಸದಿಂದಲೇ 1979ರಲ್ಲಿ ‘ಸಿಸ್ಟಮ್ 1’ ಹುಟ್ಟಿತು. ಅದನ್ನು ಉದ್ದೇಶಿಸಿದುದು ಪ್ರಯೋಗಶಾಲೆಗಳಿಗೂ ಇಂಜಿನಿಯರುಗಳಿಗೂ. ಅಗ್ಗವಾಗಿದ್ದುದರಿಂದ ಇಲ್ಲಿಯೂ ಹವ್ಯಾಸಿಗಳೇ ಅದನ್ನು ಅಪ್ಪಿಕೊಂಡರು. 1981ರಲ್ಲಿ ಬ್ರಿಟಿಷ್ ಪ್ರಸಾರ ಸಂಸ್ಥೆಯ ಶಿಕ್ಷಣಯೋಜನೆಗಾಗಿ ಇದೇ ಏಕಾರ್ನ್‌ನವರು ‘ಬಿಬಿಸಿ ಮೈಕ್ರೋ’ವನ್ನು ಮಾಡಿಕೊಟ್ಟಮೇಲೆ ಇಂಗ್ಲೆಂಡಿನ ಒಂದು ಇಡೀ ತಲೆಮಾರು ಶಾಲೆಯಲ್ಲಿ ಅದರ ಮುಂದೆ ಕುಳಿತು ಗಣಕವಿದ್ಯೆ ಕಲಿಯಿತು.

ಅದರ ತರುವಾಯದ ಗಣಕಕ್ಕೆ ಪೇಟೆಯ ಸಂಸ್ಕಾರಕಗಳಾವುವೂ ಒಗ್ಗದೆ, ವಿಲ್ಸನ್ ಮತ್ತು ಸ್ಟೀವ್ ಫರ್ಬರ್ ತಾವೇ ಒಂದನ್ನು ರಚಿಸಹೊರಟರು. ಕೈಕೆಳಗೆ ಜನ ಕಡಮೆ, ಹಣವೂ ಕಡಮೆ. ಆದುದರಿಂದ ವಿನ್ಯಾಸವೂ ಸರಳವಾಗಿಯೇ ಇರಬೇಕಾಯಿತು. 1985ನೆಯ ಏಪ್ರಿಲ್ 26ರಂದು ಮೊದಲ ‘ಆರ್ಮ್’ ಚಿಪ್ಪು ಕೈಗೆ ಬಂದಾಗ ಅದನ್ನು ಬೋರ್ಡಿನಲ್ಲಿ ಕೂರಿಸಿ ನಡೆಸಿದರು, ನಡೆಯಿತು. ಎಷ್ಟು ವಿದ್ಯುತ್ತನ್ನು ಅದು ಸೇವಿಸುತ್ತಿದೆಯೆಂದು ತಿಳಿಯಲು ಮಾಪಕವನ್ನು ಜೋಡಿಸಿ ನೋಡಿದರೆ ಮುಳ್ಳು ಸೊನ್ನೆಯಲ್ಲಿಯೇ ನಿಂತಿದೆ. ಹುಡುಕಿ ನೋಡಲಾಗಿ, ಬೋರ್ಡಿನ ದೋಷದಿಂದ ಚಿಪ್ಪಿಗೆ ವಿದ್ಯುತ್ತಿನ ಪೂರೈಕೆಯೇ ಇರಲಿಲ್ಲವೆಂದೂ, ಸಂಕೇತದ ಗೆರೆಗಳಿಂದ ಒಳಕ್ಕೆ ಸೋರಿಬಂದ ಅತ್ಯಲ್ಪ ವಿದ್ಯುತ್ತಿನಲ್ಲಿಯೇ ಅದು ಅಷ್ಟು ಹೊತ್ತೂ ನಡೆದಿತ್ತೆಂದೂ ಗೊತ್ತಾಯಿತು. ಇದನ್ನು ವಿನೋದಪ್ರಸಂಗವೆಂದು ಹೇಳಿ ನಗುವುದುಂಟು. ಆದರೆ ನಮ್ಮ ವಿಷಯಕ್ಕೆ ಇದರಲ್ಲಿ ಗಹನವಾದ ಅರ್ಥವಿದೆ. ಅಲ್ಪಾಹಾರಿಯಾದ ಸಂಸ್ಕಾರಕ ಬಿಸಿಯಾಗದು. ಬಿಸಿಯಾಗದಿದ್ದರೆ ಬೀಸಣಿಗೆ ಬೇಡ. ಬೀಸಣಿಗೆ ಬೇಡವಾದರೆ ಪೆಟ್ಟಿಗೆಗೆ ಗಾಳಿಯ ಕಂಡಿ ಬೇಡ. ಕಂಡಿಯಿಲ್ಲದ ಪೆಟ್ಟಿಗೆಯೊಳಕ್ಕೆ ಹತ್ತಿಯ ಎಳೆಯೂ ಕಬ್ಬಿಣದ ಪುಡಿಯೂ ನುಗ್ಗಲಾರವು. ಆರ್ಮ್ ಕುಲದ ಗಣಕ ಕಾರ್ಖಾನೆಯ ಮುಚ್ಚಿದ ಪ್ಯಾನೆಲಿನೊಳಗೆ ವರ್ಷಗಟ್ಟಲೆ ಬಾಳುವ ಯೋಗ್ಯತೆಯನ್ನು ಪಡೆದುದು ಅಂದೇ. ಕರ್ತರಿಗೆ ಅದರ ಎಣಿಕೆ ಇರಲಿಲ್ಲವಷ್ಟೆ.

ನಡುವೆ ನಮ್ಮ ಬೆಂಗಳೂರಿನ ಪ್ರಯತ್ನವೊಂದನ್ನು ನೆನೆಯದೆ ಮುಂದೆ ಹೋಗುವುದು ಅನ್ಯಾಯವಾದೀತು. ಭಾರತೀಯ ವಿಜ್ಞಾನ ಮಂದಿರದ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಎಂಬ ನಾಲ್ವರು ಪ್ರಾಧ್ಯಾಪಕರೂ ಎನ್‌ಕೋರ್ ಸಂಸ್ಥೆಯವರೂ ಸೇರಿ, ಬಡವರಿಗೂ ಓದುಬಾರದವರಿಗೂ ಎಟುಕುವಂಥ ಕೈಗಣಕವೊಂದನ್ನು ‘ಸಿಂಪ್ಯೂಟರ್’ ಎಂಬ ಹೆಸರಿನಿಂದ 2001ರ ಹೊತ್ತಿಗೆ ರೂಪಿಸಿದರು. ಆರ್ಮ್ ವಂಶದ್ದೇ ಆದ ಸ್ಟ್ರಾಂಗ್‌ಆರ್ಮ್ ಸಂಸ್ಕಾರಕ, ಲಿನಕ್ಸ್ ಕಾರ್ಯವ್ಯವಸ್ಥೆ, ನಮ್ಮ ಭಾಷೆಗಳ ಬರಹವನ್ನು ಗಟ್ಟಿಯಾಗಿ ಓದಿ ಹೇಳುವ ಸಾಮರ್ಥ್ಯ — ಇವೆಲ್ಲವೂ ಅದರಲ್ಲಿ ಇದ್ದುವು. ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ ತಯಾರಾಗಿ 2004ರಲ್ಲಿ ಪೇಟೆಗೆ ಬಂದ ಆ ಯಂತ್ರ ಮಾರಾಟದಲ್ಲಿ ಸೋತಿತು. ಸೋಲಿಗೆ ಕಾರಣಗಳನ್ನು ಬಲ್ಲವರು ಹಲವು ಹೇಳುತ್ತಾರೆ. ನನಗೆ ತೋರುವ ಒಂದನ್ನು ಮಾತ್ರ ಇಲ್ಲಿ ಸೇರಿಸುತ್ತೇನೆ. ಸಿಂಪ್ಯೂಟರ್ ಹೊರಟುದು ಮುಗಿದ ವಸ್ತುವಾಗಿ, ಹೊದಿಕೆ ಹೊದ್ದು, ಇಂಥವರಿಗೆ ಇಂಥ ಉಪಯೋಗಕ್ಕೆಂಬ ನಿಶ್ಚಯದಿಂದ. ಮುಂದೆ ಕೇಂಬ್ರಿಡ್ಜಿನಿಂದ ಬಂದ ವಸ್ತುವಾದರೋ ಅರ್ಧಕ್ಕೇ ನಿಂತದ್ದು. ಅದನ್ನು ಏನಾದರೂ ಮಾಡಿಕೊಳ್ಳಿರೆಂದು ಪಿನ್ನುಗಳನ್ನು ಬರಿದಾಗಿ ಹೊರಗೆ ಬಿಟ್ಟಿದ್ದರು.

ಆ ವಸ್ತುವೇ ‘ರಾಸ್ಪ್‌ಬೆರಿ ಪೈ’. ಕೇಂಬ್ರಿಡ್ಜ್ ವಿಶ್ವವಿದ್ಯಾಲಯದಲ್ಲಿ ಗಣಕಶಾಸ್ತ್ರ ಓದಲು ಅರ್ಜಿ ಹಾಕುವ ಹುಡುಗರ ಸಂಖ್ಯೆ ವರ್ಷವರ್ಷವೂ ಇಳಿಯುತ್ತಿರುವುದನ್ನೂ, ಬಂದವರಿಗೂ ಹಿಂದಿನವರಂತೆ ಕೈಯಾರೆ ಗಣಕವನ್ನು ಪಳಗಿಸಿದ ಅನುಭವವಿಲ್ಲದಿರುವುದನ್ನೂ ಕಂಡ ಎಬೆನ್ ಅಪ್ಟನ್, ರಾಬ್ ಮಲ್ಲಿನ್ಸ್, ಜ್ಯಾಕ್ ಲ್ಯಾಂಗ್, ಆ್ಯಲನ್ ಮೈಕ್ರಾಫ್ಟ್ ಮೊದಲಾದವರು, ಬಿಬಿಸಿ ಮೈಕ್ರೋದ ಸ್ಥಾನವನ್ನು ತುಂಬಬಲ್ಲ ಅಗ್ಗದ ಬೋರ್ಡೊಂದು ಮಕ್ಕಳ ಕೈಗೆ ಸಿಗಬೇಕೆಂದು ಬಗೆದರು. 2006ರಲ್ಲಿ ಸಾಮಾನ್ಯ ಅಟ್ಮೆಲ್ ನಿಯಂತ್ರಕದಿಂದ ಮೊದಲ ಮಾದರಿ. ಕೆಲವು ವರ್ಷಗಳ ಅನಂತರ, ಅಪ್ಟನ್ ಅವರು ಉದ್ಯೋಗದಲ್ಲಿದ್ದ ಬ್ರಾಡ್‌ಕಾಮ್ ಸಂಸ್ಥೆಯ ಬಿಸಿಎಂ2835 ಚಿಪ್ಪಿನಿಂದ ಪೂರ್ಣರೂಪ. ಅದರೊಳಗಿದ್ದುದೂ ಆರ್ಮ್ ಕುಲದ ಸಂಸ್ಕಾರಕವೇ. ಹಳೆಯ ಬಿಬಿಸಿ ಗಣಕದ ನೆನಪಿಗಾಗಿ ಅದರಂತೆಯೇ ‘ಮಾಡೆಲ್ ಎ’, ‘ಮಾಡೆಲ್ ಬಿ’ ಎಂದು ಹೆಸರನ್ನೂ ಇಟ್ಟರು. 2012ನೆಯ ಫೆಬ್ರವರಿ 29ರಂದು 35 ಡಾಲರು ಬೆಲೆಯ ‘ಮಾಡೆಲ್ ಬಿ’ ಮಾರಾಟಕ್ಕೆ ಬಂದ ದಿನ, ಹಂಚಿಕೆಯ ಹೊಣೆ ಹೊತ್ತಿದ್ದ ಎರಡು ಸಂಸ್ಥೆಗಳ ಜಾಲತಾಣಗಳೂ ಗಿರಾಕಿಗಳ ನುಗ್ಗಾಟವನ್ನು ತಾಳಲಾರದೆ ಕುಸಿದುವು. ಒಟ್ಟಾರೆ ಹತ್ತು ಸಾವಿರ ಬೋರ್ಡು ಹೋದರೆ ಹೆಚ್ಚೆಂದು ಎಣಿಸಿದ್ದವರು ಒಂದು ವರ್ಷ ತುಂಬುವಷ್ಟರಲ್ಲಿ ಲಕ್ಷಗಳನ್ನು ಎಣಿಸಬೇಕಾಯಿತು. ತಯಾರಿಕೆ ಮೊದಲು ಚೀನದಲ್ಲಿ ನಡೆಯುತ್ತಿದ್ದುದು, ಅದೇ ವರ್ಷ ವೇಲ್ಸ್ ಪ್ರಾಂತದ ಪೆನ್‌ಕೋಯ್ಡ್‌ನಲ್ಲಿರುವ ಸೋನಿ ಕಾರ್ಖಾನೆಗೆ ಬಂದಿತು.

ಕೊಂಡವರಲ್ಲಿ ಮಕ್ಕಳು ಎಷ್ಟು ಮಂದಿಯೋ, ಮೀಸೆ ಬಲಿತವರು ಅದಕ್ಕೂ ಹೆಚ್ಚು. ಹಗಲಿನಲ್ಲಿ ಕಾರ್ಖಾನೆಯ ಇಂಜಿನಿಯರಾಗಿದ್ದು ರಾತ್ರಿ ಮನೆಯಲ್ಲಿ ಈ ಬೋರ್ಡಿನೊಡನೆ ಆಟವಾಡಿದವನು, ಮರುದಿನ ತನ್ನ ಯಂತ್ರಶಾಲೆಯಲ್ಲಿ ಒಂದು ಉಷ್ಣಮಾಪಕವನ್ನು ಓದಬೇಕಾಗಿ, ಅದಕ್ಕೆ ಬೇಕಾದ ಉಪಕರಣದ ದರಪಟ್ಟಿ ತರಿಸಿ ನೋಡಿ, ರಾತ್ರಿಯ ಆಟಿಕೆಯನ್ನೇ ಚೀಲದಲ್ಲಿ ಹಾಕಿಕೊಂಡು ಬಂದನು. ಪೈಯ ಕಾರ್ಖಾನೆಪ್ರವೇಶಕ್ಕೆ ಯಾವ ಸಂಸ್ಥೆಯ ನಿರ್ಣಯವೂ ಕಾರಣವಲ್ಲ; ಅದು ಹೀಗೆ ನೌಕರರ ಚೀಲಗಳಲ್ಲಿ ಅಡಗಿ ಒಳಕ್ಕೆ ಬಂದದ್ದು.

ಬಂದ ಆಟಿಕೆಗೆ ಅಲ್ಲಿ ಸುಖವೇನೂ ಕಾದಿರಲಿಲ್ಲ. ಕಾರ್ಖಾನೆಯ ಪ್ಯಾನೆಲುಗಳಲ್ಲಿ ಹರಿಯುವುದು ವಾಡಿಕೆಯಾಗಿ 24 ವೋಲ್ಟು; ಪೈಗೆ ಬೇಕಾದುದು 5, ಅದರ ಪಿನ್ನುಗಳು ತಾಳುವುದಾದರೋ 3.3 ಮಾತ್ರ. ಕೈತಪ್ಪಿ ಒಂದು ತಂತಿ ತಗುಲಿದರೆ ಆಯಿತು, ಬೋರ್ಡು ಭಸ್ಮ. ಕಾರ್ಯವ್ಯವಸ್ಥೆಯನ್ನೆಲ್ಲ ಇರಿಸಿದ್ದ ಎಸ್‌ಡಿ ಕಾರ್ಡು ಕ್ಯಾಮರಾದಂಥ ಸಣ್ಣ ಉಪಕರಣಗಳಿಗಾಗಿ ಹುಟ್ಟಿದುದು. ಕ್ಷಣಕ್ಷಣಕ್ಕೂ ದಾಖಲೆ ಬರೆಯುತ್ತ ಹೋದರೆ ಅದು ಸವೆದುಹೋಗುವುದು, ಬರೆಯುತ್ತಿರುವಾಗ ಕರೆಂಟು ಹೋದರೆ ಬರೆದುದೂ ಕೆಡುವುದು. ಕರೆಂಟು ಹೋಗುವುದು ಎಂಬ ಮಾತನ್ನು ಕನ್ನಡ ಓದುಗರಿಗೆ ಬಿಡಿಸಿ ಹೇಳಬೇಕಾದುದಿಲ್ಲವಷ್ಟೆ. ಗಡಿಯಾರಕ್ಕೆ ಬ್ಯಾಟರಿಯಿಲ್ಲವಾಗಿ, ಜಾಲದ ಸಂಪರ್ಕವಿಲ್ಲದ ಕಡೆ ಪ್ರತಿಸಲ ಎಚ್ಚೆತ್ತಾಗಲೂ ಅದಕ್ಕೆ ದಿನ ಯಾವುದು, ಹೊತ್ತು ಎಷ್ಟು ಎಂಬುದೇ ತಿಳಿಯುತ್ತಿರಲಿಲ್ಲ. ಇವೆಲ್ಲಕ್ಕಿಂತ ಮುಖ್ಯವಾಗಿ, ಪೈಯನ್ನು ನಡೆಸುವ ಲಿನಕ್ಸ್ ಹತ್ತು ಕೆಲಸಗಳನ್ನು ಒಟ್ಟಿಗೆ ನೋಡಿಕೊಳ್ಳುವ ವ್ಯವಸ್ಥೆಯಾದುದರಿಂದ, ಇಷ್ಟೇ ಮಿಲಿಸೆಕೆಂಡಿನೊಳಗೆ ಉತ್ತರ ಕೊಟ್ಟೇ ತೀರುತ್ತೇನೆಂಬ ವಚನವನ್ನು ಅದು ಕೊಡಲಾರದು. ಒತ್ತುಯಂತ್ರದ ಕೆಳಗೆ ಮನುಷ್ಯನ ಕೈಯಿರುವಾಗ ಅಂಥ ವಚನವಿಲ್ಲದ ಗಣಕವನ್ನು ನಂಬುವುದು ಮೂರ್ಖತನ.

ಎಲ್ಲಕ್ಕೂ ವಿಚಿತ್ರವಾದ ರೋಗ 2015ರ ಫೆಬ್ರವರಿಯಲ್ಲಿ ಕಾಣಿಸಿಕೊಂಡಿತು. ಆಗತಾನೆ ಹೊರಬಂದಿದ್ದ ‘ಪೈ 2’ ಬೋರ್ಡಿನ ಫೋಟೋ ತೆಗೆಯಲು ಹೋದವನೊಬ್ಬನು, ಕ್ಯಾಮರಾದ ಕ್ಸೀನಾನ್ ಫ್ಲ್ಯಾಶು ಬೆಳಗಿದೊಡನೆ ಗಣಕ ಸ್ತಬ್ಧವಾಗಿ ಹೋಗುವುದನ್ನು ಕಂಡನು. ವಿದ್ಯುತ್ ಪೂರೈಕೆಯನ್ನು ನೋಡಿಕೊಳ್ಳುವ ಒಂದು ಚಿಪ್ಪು ಹೊದಿಕೆಯಿಲ್ಲದ ಬರಿಯ ಸಿಲಿಕಾನ್ ತುಣುಕಾಗಿದ್ದುದರಿಂದ, ತೀವ್ರವಾದ ಬೆಳಕು ನೇರವಾಗಿ ಅದರ ಮೇಲೆ ಬಿದ್ದು ಒಳಗಿನ ವಿದ್ಯುತ್ತನ್ನು ಕಲಕಿಬಿಡುತ್ತಿತ್ತು. ಆ ಚಿಪ್ಪಿನ ಮೇಲೆ ಚಿಟಿಕೆ ಮೇಣವನ್ನು ಒತ್ತಿದರೆ ರೋಗ ಪರಿಹಾರ. ಮೇಜಿನ ಮೇಲೆ ಇದು ತಮಾಷೆ. ಪಕ್ಕದಲ್ಲಿಯೇ ವೆಲ್ಡಿಂಗ್ ನಡೆಯುವ ಕಡೆ ಬೋರ್ಡನ್ನು ಬರಿದಾಗಿ ತೂಗುಹಾಕಬೇಕೆಂದಿದ್ದವನಿಗೆ ಎಚ್ಚರಿಕೆ.

ಈ ಎಲ್ಲ ಲೋಪಗಳಿಗೂ ಉತ್ತರವಾಗಿ ಎರಡು ಕ್ರಮಗಳು ನಡೆದುವು. ಮೊದಲನೆಯದು ಪೈ ತಯಾರಕರದೇ. 2014ರಲ್ಲಿ ಅವರು, ಮಕ್ಕಳಿಗೆ ಬೇಕಾದ ಕಿಂಡಿಗಳನ್ನೆಲ್ಲ ಕಿತ್ತುಹಾಕಿ, ಸಂಸ್ಕಾರಕ, ಸ್ಮೃತಿ, ಬೋರ್ಡಿಗೇ ಬೆಸೆದ 4 ಗಿಗಾಬೈಟು ಸಂಗ್ರಹ ಇಷ್ಟನ್ನು ಮಾತ್ರ ಲ್ಯಾಪ್‌ಟಾಪಿನ ರ್‍ಯಾಮ್ ಪಟ್ಟಿಯ ಆಕಾರದಲ್ಲಿ ಅಳವಡಿಸಿ ‘ಕಂಪ್ಯೂಟ್ ಮಾಡ್ಯೂಲ್’ ಎಂದು ಹೊರತಂದರು. ಉಳಿದ ಮೈಯನ್ನು, ಅಂದರೆ 24 ವೋಲ್ಟಿನ ಪೂರೈಕೆ, ಸಿಡಿಲು ಕಿಡಿಗಳಿಂದ ರಕ್ಷಣೆ, ಯಂತ್ರಗಳು ತಮ್ಮೊಳಗೆ ಮಾತಾಡುವ ಆರ್‌ಎಸ್-485 ತಂತಿಯ ಜೋಡಣೆ ಇವುಗಳನ್ನು, ಉಪಯೋಗಿಸುವ ಸಂಸ್ಥೆಯೇ ತನ್ನ ಅಗತ್ಯಕ್ಕೆ ತಕ್ಕಂತೆ ಕಟ್ಟಿಕೊಳ್ಳಬೇಕು. ಜಪಾನಿನ ಎನ್‌ಇಸಿ ಸಂಸ್ಥೆ ತನ್ನ ದೊಡ್ಡ ಪ್ರದರ್ಶನಫಲಕಗಳಲ್ಲಿ ಇದನ್ನು ಅಡಕಮಾಡುವುದಾಗಿ 2016ರಲ್ಲಿ ಸಾರಿತು. ಎರಡನೆಯ ಕ್ರಮ ಕಾರ್ಖಾನೆಯ ಕಡೆಯವರದು. ಜರ್ಮನಿಯ ಡೆಂಕೆಂಡಾರ್ಫ್‌ನಲ್ಲಿರುವ ಕುನ್‌ಬಸ್ ಸಂಸ್ಥೆ ಅದೇ ವರ್ಷ ಆ ಮಾಡ್ಯೂಲನ್ನೇ ಒಳಗಿರಿಸಿ, ಪ್ಯಾನೆಲಿನ ಡಿನ್ ಹಳಿಯ ಮೇಲೆ ಇತರ ಉಪಕರಣಗಳ ಸಾಲಿನಲ್ಲಿಯೇ ಸಿಕ್ಕಿಸಬಹುದಾದ ‘ರೆವಲ್ಯೂಷನ್ ಪೈ’ಯನ್ನು ಮುಂದಿಟ್ಟಿತು. ಹಿರಿಯ ಮನೆತನದ ಸೀಮೆನ್ಸ್ ಕೂಡ ಸುಮ್ಮನಿರಲಾರದೆ, ಇಂಟೆಲ್ ಸಂಸ್ಕಾರಕವುಳ್ಳ ‘ಐಒಟಿ2020’ ಎಂಬ ಪುಟ್ಟ ಪೆಟ್ಟಿಗೆಯನ್ನು ಅದೇ ಕಾಲಕ್ಕೆ ಹೊರಡಿಸಿತು.

ಹಾಗೆಂದು ಪಿಎಲ್‌ಸಿ ಪದಚ್ಯುತವಾಯಿತೆಂದು ತಿಳಿಯಲಾಗದು. ನಿಯಂತ್ರಣವನ್ನು ಹಳಬನಿಗೇ ಬಿಟ್ಟು, ಹೊಸಬನು ಪಕ್ಕದಲ್ಲಿ ಕುಳಿತು ಲೆಕ್ಕ ಬರೆಯುವ ಕರಣಿಕನಾದನು. ಇದು ಇಬ್ಬರಿಗೂ ಒಪ್ಪುವ ವಿಭಾಗ. ಇಪ್ಪತ್ತೈದು ವರ್ಷ ಹಳೆಯದಾದ ಲೇತೊಂದು, ಪೀಣ್ಯದಲ್ಲಾಗಲಿ ಸ್ಟಟ್‌ಗಾರ್ಟಿನಲ್ಲಾಗಲಿ, ಇನ್ನೂ ಗಟ್ಟಿಮುಟ್ಟಾಗಿರುವಾಗ ಅದನ್ನು ಮಾರುವ ಮನಸ್ಸು ಯಜಮಾನನಿಗಿಲ್ಲ. ಆದರೆ ದಿನದಲ್ಲಿ ಅದು ಎಷ್ಟು ಹೊತ್ತು ಕೆಲಸ ಮಾಡಿತು, ಎಷ್ಟು ಹೊತ್ತು ಸುಮ್ಮನೆ ತಿರುಗಿತು ಎಂಬುದನ್ನು ತಿಳಿಯುವ ಆಸೆಯುಂಟು. ಮೋಟಾರಿನ ತಂತಿಯನ್ನು ಸುತ್ತುವರಿದು ಅದರಲ್ಲಿ ಹರಿಯುವ ವಿದ್ಯುತ್ತನ್ನು ಅಳೆಯುವ ಒಂದು ‘ಸಿಟಿ’ ಬಳೆ, ಅದರ ಸಂಕೇತವನ್ನು ಅಂಕೆಯಾಗಿಸುವ ಒಂದು ಚಿಪ್ಪು, ಅಂಕೆಯನ್ನು ಓದಿ ಕಚೇರಿಯ ಗಣಕಕ್ಕೆ ರವಾನಿಸುವ ಒಂದು ಪುಟ್ಟ ಬೋರ್ಡು ಇಷ್ಟಿದ್ದರೆ, ಲೇತಿನ ಒಂದು ಸ್ಕ್ರೂವನ್ನೂ ಬಿಚ್ಚದೆ ಆ ಆಸೆ ಈಡೇರುವುದು. ರವಾನೆಯ ವಿಧಾನಕ್ಕೂ ತನ್ನದೇ ಪೂರ್ವೋತ್ತರವಿದೆ: ಎಂಕ್ಯೂಟಿಟಿ ಎಂಬ ಅದನ್ನು ಐಬಿಎಂನ ಆ್ಯಂಡಿ ಸ್ಟ್ಯಾನ್‌ಫರ್ಡ್-ಕ್ಲಾರ್ಕ್ ಮತ್ತು ಅರ್ಲೆನ್ ನಿಪ್ಪರ್ 1999ರಲ್ಲಿ ರಚಿಸಿದುದು ಉಪಗ್ರಹದ ಮೂಲಕ ತೈಲದ ಕೊಳವೆಮಾರ್ಗಗಳ ಮೇಲೆ ಕಣ್ಣಿಡುವುದಕ್ಕಾಗಿ, ಉಪಗ್ರಹದ ಬಾಡಿಗೆ ದುಬಾರಿಯಾಗಿದ್ದುದರಿಂದ ಮಾತು ಮಿತವಾಗಿರಬೇಕಾಯಿತು, ಆ ಮಿತಭಾಷಿತ್ವವೇ ಮುಂದೆ ಬಡಗಣಕಗಳಿಗೆ ವರವಾಯಿತು.

ಜಾಲಕ್ಕೆ ಸೇರಿದ ಮೇಲೆ ಜಾಲದ ಕಷ್ಟಗಳೂ ಬಂದುವು. ಹಲವು ವರ್ಷಗಳ ಕಾಲ ಪ್ರತಿಯೊಂದು ಪೈಯೂ ‘ಪೈ’ ಎಂಬ ಒಂದೇ ಬಳಕೆದಾರನ ಹೆಸರು, ‘ರಾಸ್ಪ್‌ಬೆರಿ’ ಎಂಬ ಒಂದೇ ಗುಪ್ತಪದವನ್ನು ಹೊತ್ತು ಬರುತ್ತಿತ್ತು. ಊರಿನ ಮನೆಗಳಿಗೆಲ್ಲ ಒಂದೇ ಬೀಗದ ಕೈಯನ್ನು ಮಾಡಿಸಿ ಸಂತೆಯಲ್ಲಿ ಮಾರಿದಂತೆ. ತರಗತಿಯಲ್ಲಿ ಇದು ಅನುಕೂಲವೇ, ಕಾರ್ಖಾನೆಯಲ್ಲಿ ಅನಾಹುತ. 2022ರ ಏಪ್ರಿಲಿನಲ್ಲಿ ಆ ಪದ್ಧತಿಯನ್ನು ಕೈಬಿಟ್ಟರು. ಎಲ್ಲಕ್ಕೂ ಪ್ರಸಿದ್ಧವಾದ ಪ್ರಕರಣ ಅಮೆರಿಕದ ನಾಸಾ ಸಂಸ್ಥೆಯದು. ಅದರ ಜೆಟ್ ಪ್ರೊಪಲ್ಷನ್ ಪ್ರಯೋಗಾಲಯದ ಜಾಲಕ್ಕೆ ಅನುಮತಿಯಿಲ್ಲದೆ ಯಾರೋ ಜೋಡಿಸಿದ್ದ ಒಂದು ರಾಸ್ಪ್‌ಬೆರಿ ಪೈಯನ್ನು ದ್ವಾರವಾಗಿ ಮಾಡಿಕೊಂಡು 2018ರಲ್ಲಿ ಕಳ್ಳರು ಒಳಹೊಕ್ಕು ಸುಮಾರು 500 ಮೆಗಾಬೈಟಿನಷ್ಟು ಮಾಹಿತಿಯನ್ನು ಕದ್ದರೆಂದು ಅದರ ತನಿಖಾಧಿಕಾರಿಯ 2019ರ ವರದಿ ಹೇಳಿತು. ಚೀಲದಲ್ಲಿ ಅಡಗಿ ಬಂದ ಅತಿಥಿಯ ಹೆಸರು ಮನೆಯ ದಾಖಲೆಯಲ್ಲಿ ಇರುವುದಿಲ್ಲವಾದುದರಿಂದ, ಅವನನ್ನು ಕಾಯುವವರೂ ಇರುವುದಿಲ್ಲ. ದೋಷವನ್ನು ಬೋರ್ಡಿನ ಮೇಲೆ ಹೊರಿಸುವುದು ಸಲ್ಲದು.

ಇಷ್ಟೆಲ್ಲ ಆದಮೇಲೂ ಕಾರ್ಖಾನೆಯವರು ಈ ಬೋರ್ಡನ್ನು ಬಿಡದಿದ್ದುದೇಕೆ? ಅಗ್ಗವೆಂಬುದು ಸುಲಭವಾದ ಉತ್ತರ. ಸಾಲದ ಉತ್ತರವೂ ಹೌದು. ಹೊದಿಕೆ, ರಕ್ಷಣೆ, ಪರೀಕ್ಷೆ, ಪ್ರಮಾಣಪತ್ರಗಳ ವೆಚ್ಚವನ್ನು ಕೂಡಿಸಿದರೆ 35 ಡಾಲರಿನ ಮೋಹ ಬಹಳ ಹೊತ್ತು ನಿಲ್ಲದು. ಕಾರ್ಖಾನೆ ಗಣಕದಿಂದ ಮುಖ್ಯವಾಗಿ ಬಯಸುವುದು ಸ್ಥೈರ್ಯವನ್ನು: ಇಂದು ಕೊಂಡ ಬೋರ್ಡಿನ ತದ್ರೂಪ, ಅದೇ ಅಳತೆ, ಅದೇ ತೂತು, ಅದೇ ನಡೆಯೊಡನೆ ಹತ್ತು ವರ್ಷದ ಅನಂತರವೂ ಸಿಗಬೇಕು. ಈ ಮರ್ಮವನ್ನು ಇಂಟೆಲ್‌ನಂಥ ದೊಡ್ಡವರೇ ಮರೆತರು. ಅದು 2013ರಲ್ಲಿ ‘ಗೆಲಿಲಿಯೋ’, 2014ರಲ್ಲಿ ‘ಎಡಿಸನ್’ ಎಂಬ ಬೋರ್ಡುಗಳನ್ನು ದೊಡ್ಡ ಹೆಸರಿಟ್ಟು ಹೊರತಂದು, 2017ರಲ್ಲಿ ಎರಡನ್ನೂ ನಿಲ್ಲಿಸಿತು. ಮೂರು ವರ್ಷದ ಹುಮ್ಮಸ್ಸನ್ನು ನಂಬಿ ಯಂತ್ರ ವಿನ್ಯಾಸಮಾಡಿದವನು ಬೀದಿಪಾಲಾದನು. ಪೈ ತಯಾರಕರಾದರೋ ತಮ್ಮ ಪ್ರತಿಯೊಂದು ಮಾದರಿಗೂ ಇಂಥ ವರ್ಷದವರೆಗೆ ತಯಾರಿಸಿಯೇ ತೀರುವೆವೆಂದು ಮಾತುಕೊಟ್ಟು ಬರೆದಿಟ್ಟರು. ಶಾಲೆಗೆಂದು ಹುಟ್ಟಿದ ವಸ್ತುವಿಗೆ ಈ ಸ್ವಭಾವ ಸಹಜವಾಗಿಯೇ ಬಂದಿರಬೇಕು. ಪಠ್ಯಪುಸ್ತಕವನ್ನು ಒಂದು ಬೋರ್ಡಿಗಾಗಿ ಬರೆದಮೇಲೆ ವರ್ಷವರ್ಷವೂ ಬೋರ್ಡನ್ನು ಬದಲಾಯಿಸಿದರೆ ಉಪಾಧ್ಯಾಯನು ಸುಮ್ಮನಿರುವನೆ? ಅದಲ್ಲದೆ ಕಾಲೇಜಿನಲ್ಲಿ ಅದರ ಮೇಲೆಯೇ ಕೈ ಪಳಗಿಸಿಕೊಂಡ ಹುಡುಗರು ಉದ್ಯೋಗಕ್ಕೆ ಸೇರಿದಾಗ, ಅವರಿಗೆ ಗೊತ್ತಿರುವ ಗಣಕವನ್ನೇ ಬಳಸುವುದು ಯಜಮಾನನಿಗೂ ಲಾಭವಾಯಿತು. ನಮ್ಮ ಕಾಲೇಜುಗಳ ಬೀಗದೊಳಗಿನ ಕಿಟ್ಟಿಗೆ ದೊರೆಯದೆಹೋದುದು ಈ ಭಾಗ್ಯವೇ.

ಪೈಗೂ ಕಾರ್ಖಾನೆಗೂ ಬೆಳೆದ ಈ ಸಂಬಂಧದ ನಿಜವಾದ ಪರೀಕ್ಷೆ ನಡೆದುದು ಕೋವಿಡ್ ಮಹಾಮಾರಿಯ ಅನಂತರ. ಲೋಕದಲ್ಲೆಲ್ಲ ಚಿಪ್ಪುಗಳ ಕ್ಷಾಮ ತಲೆದೋರಿ, 2021ರ ಅಕ್ಟೋಬರಿನಲ್ಲಿ ಪೈಯ ಬೆಲೆ ಅದರ ಇತಿಹಾಸದಲ್ಲಿ ಮೊದಲ ಬಾರಿಗೆ ಏರಿತು. 35 ಡಾಲರಿನ ಬೋರ್ಡಿಗೆ 45 ಆಯಿತು. ಆ ಬೆಲೆಗಾದರೂ ಸಿಕ್ಕೀತೇ ಎಂದರೆ ಅದೂ ಇಲ್ಲ. ಕಾಳಸಂತೆಯವರು ಅದರ ಹಲವು ಪಟ್ಟು ಕೇಳತೊಡಗಿದರು. ದೊರೆತಷ್ಟು ಬೋರ್ಡುಗಳನ್ನು ಯಾರಿಗೆ ಕೊಡಬೇಕು? ತಮ್ಮ ಯಂತ್ರಗಳಲ್ಲಿ ಅದನ್ನು ಅಳವಡಿಸಿ ಅದರಿಂದಲೇ ಜೀವನ ನಡೆಸುತ್ತಿರುವ ಉದ್ಯಮಗಳಿಗೆ ಮೊದಲು, ಮಿಕ್ಕವರಿಗೆ ಆಮೇಲೆ ಎಂದು ಎಬೆನ್ ಅಪ್ಟನ್ ಬಹಿರಂಗವಾಗಿಯೇ ಹೇಳಿದರು. ಹತ್ತು ವರ್ಷದಿಂದ ಆ ಬೋರ್ಡನ್ನು ಬೆಳೆಸಿ, ಅದಕ್ಕಾಗಿ ಪುಸ್ತಕ ಬರೆದು, ಕಾರ್ಯಕ್ರಮಗಳನ್ನು ಪುಕ್ಕಟೆ ಹಂಚಿದ ಹವ್ಯಾಸಿಗಳಿಗೂ ಉಪಾಧ್ಯಾಯರಿಗೂ ಇದರಿಂದ ನೋವಾಯಿತು. ಮಕ್ಕಳ ಹೆಸರಿನಲ್ಲಿ ಹುಟ್ಟಿದುದನ್ನು ವ್ಯಾಪಾರಿಗಳಿಗೆ ಒಪ್ಪಿಸಿದರೆಂಬ ಕೂಗೆದ್ದಿತು. ಅವರ ನೋವು ನ್ಯಾಯವಾದುದೇ. ಆದರೂ ನನ್ನ ಮನಸ್ಸಿಗೆ ಅಪ್ಟನ್ ಅವರ ನಿರ್ಣಯ ಸರಿಯೆಂದೇ ತೋರುತ್ತದೆ. ಹವ್ಯಾಸಿಯ ಕೆಲಸ ಒಂದು ವರ್ಷ ನಿಂತರೆ ಬೇಸರ ಮಾತ್ರ. ಹತ್ತು ಮಂದಿಯ ಸಣ್ಣ ಕಾರ್ಖಾನೆಗೆ ಬೋರ್ಡು ಬಾರದಿದ್ದರೆ ಹತ್ತು ಮನೆಗಳಲ್ಲಿ ಸಂಬಳ ನಿಲ್ಲುವುದು. ಮಾತು ಕೊಟ್ಟಮೇಲೆ ಅದನ್ನು ಕ್ಷಾಮದಲ್ಲಿ ಉಳಿಸಿಕೊಂಡರಲ್ಲವೆ ಅದಕ್ಕೆ ಬೆಲೆ? 2023ರಲ್ಲಿ ಪೂರೈಕೆ ಮತ್ತೆ ಸುಧಾರಿಸಿತು.

2024ನೆಯ ಜೂನಿನಲ್ಲಿ ರಾಸ್ಪ್‌ಬೆರಿ ಪೈ ಸಂಸ್ಥೆ ಲಂಡನ್ನಿನ ಷೇರುಪೇಟೆಯನ್ನು ಪ್ರವೇಶಿಸಿತು. ಆ ಹೊತ್ತಿಗೆ ಒಟ್ಟು ಆರು ಕೋಟಿಗೂ ಮೇಲ್ಪಟ್ಟು ಬೋರ್ಡುಗಳು ಮಾರಾಟವಾಗಿದ್ದುವು. ಅದರ ಹಿಂದಿನ ವರ್ಷದ ಮಾರಾಟದಲ್ಲಿ ನೂರಕ್ಕೆ 72 ಪಾಲು ಹೋದುದು ಉದ್ಯಮಗಳಿಗೂ ಯಂತ್ರನಿರ್ಮಾಪಕರಿಗೂ ಎಂದು ಸಂಸ್ಥೆಯೇ ಲೆಕ್ಕ ಕೊಟ್ಟಿತು. 2020ರಲ್ಲಿ ಹೊರಬಂದ ‘ಕಂಪ್ಯೂಟ್ ಮಾಡ್ಯೂಲ್ 4’ನ್ನು 2034ನೆಯ ಜನವರಿಯವರೆಗಾದರೂ ತಯಾರಿಸುತ್ತಿರುವುದಾಗಿ ಅದು ಮಾತುಕೊಟ್ಟಿದೆ.